ಅಣ್ಣನ ಕಪ್ಪು ಬೆರಳು

ಒಳಗೆ ಕೆಮ್ಮುತ್ತಿರುವವನು ನನ್ನ ಅಣ್ಣ ಎಂದು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಅವನ ಬೆರಳುಗಳು ಉಗುರಿನ ಬುಡದವರೆಗೂ ಕಪ್ಪಾಗಿದ್ದವು, ಅದಕ್ಕೆ.

ಅಫಜಲಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಣ್ಣ ಹಳೆಯ ಕಾಲ್ಗಡಗ, ಉಡದಾರಗಳನ್ನು ತೇಜಾಬು ಎಂಬ ಸುಡುವ ಆಮ್ಲದಲ್ಲಿ ಕರಗಿಸಿ ಶುದ್ಧ ಬೆಳ್ಳಿ ತೆಗೆಯುತ್ತಿದ್ದ. ಬೆಳ್ಳಿ ಕರಗಿದ ಆ ನೀರು ಚರ್ಮಕ್ಕೆ ತಾಗಿದರೆ ಕಪ್ಪು ಕೂರುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಆ ನೀರಿಗೆ ಅವನು ‘ಹಾಲು’ ಎನ್ನುತ್ತಿದ್ದ. ಉಪ್ಪು ಹಾಕಿದ ಮೇಲೆ ತಳದಲ್ಲಿ ಬೆಳ್ಳಗೆ ಗಟ್ಟಿಯಾದದ್ದು ‘ಮೊಸರು’. ಮೊಸರು ಬೆಳಕಿಗೆ ಬಣ್ಣಗೆಟ್ಟರೆ ‘ನೇರಳೆ’. ಬೀದಿಗೆ ಕೇಳುವಂತೆ ಬೆಳ್ಳಿಯ ಮಾತು ಆಡಬಾರದೆಂದು ಅವನ ಉಸ್ತಾದರ ಕಾಲದವರು ಇಟ್ಟ ಹೆಸರುಗಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅವನ್ನೇ ಪಾಠದಂತೆ ಒಪ್ಪಿಸಲು ಹೇಳುತ್ತಿದ್ದ. “ಮೊಸರಿಗಿ ಬಿಸಲ ತೋರಸಬ್ಯಾಡ ಬೇ, ನಾಚತದ” ಎಂದು ನಗುತ್ತಿದ್ದ.

ನನ್ನನ್ನು ನೋಡಲು ಕರಜಗಿಯ ಗಂಡಿನ ಕಡೆಯವರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಅಣ್ಣನ ಪಾತ್ರೆಯಲ್ಲಿ ತೇಜಾಬು ಕುದಿಯುತ್ತಿತ್ತು. ಆ ಬೆರಳು ಅವರ ಕಣ್ಣಿಗೆ ಬೀಳಬಾರದೆಂದು, ಹೊರಗೆ ಬರಬೇಡ ಎಂದೆ. ಕೆಂಪು ಹೊಗೆ ಪಡಸಾಲೆಗೆ ಬರುತ್ತದೆಂದು ಆ ಕೋಣೆಯ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿದೆ. ಹೊಗೆ ಏಳುವಾಗ ಅವನು ಯಾವಾಗಲೂ ಹೊರಗೆ ಬಂದು ನಿಲ್ಲುವವನು. ನನಗೆ ಅದು ಗೊತ್ತಿತ್ತು.

ಚಹಾ ಕೊಡುವಾಗ ಒಳಗಿನಿಂದ ಕೆಮ್ಮು ಕೇಳಿತು. ಯಾರದು ಎಂದು ಹುಡುಗನ ತಾಯಿ ಕೇಳಿದರು.

“ಕೆಲಸದ ಆಳ್ರಿ” ಎಂದೆ.

ಕೆಮ್ಮು ನಿಂತಿತು. ಅವರು ಎದ್ದು ಹೋಗುವವರೆಗೂ ಮತ್ತೆ ಕೇಳಲಿಲ್ಲ.

ಬಾಗಿಲು ತೆಗೆದಾಗ ಅಣ್ಣ ಬಾಯಿಗೆ ಟವೆಲ್ ತುರುಕಿಕೊಂಡು ಗೋಡೆಗೆ ಒರಗಿದ್ದ. ಕಣ್ಣುಗಳು ಕೆಂಡದಂತಾಗಿದ್ದವು. ಉಸಿರು ಹಿಡಿದು ಹಿಡಿದು, “ಒಪ್ಪಿದ್ರೇನ್ ಬೇ?” ಎಂದ. ಅಷ್ಟೇ.

ಅಂದಿನಿಂದ ಅವನ ಉಸಿರು ಸರಿಹೋಗಲಿಲ್ಲ. ನನ್ನ ಮದುವೆಯಲ್ಲಿ ಹತ್ತೂ ಬೆರಳಿಗೆ ಅರಿಶಿಣ ಮೆತ್ತಿಕೊಂಡು ಬಂದು ಅಕ್ಕಿಕಾಳು ಹಾಕಿದ. ಅಂದು ಒಳಗೆ ಕೆಮ್ಮಿದವನು ಇವನೇ ಎಂಬುದನ್ನು ಅತ್ತೆಯಿಂದ ಮುಚ್ಚಿಟ್ಟೆ. ಹಾಗೆಯೇ ವರ್ಷಗಳು ಹೋದವು.

ಕೊನೆಗೊಮ್ಮೆ ಹಾಸಿಗೆ ಹಿಡಿದವನು ಮತ್ತೆ ಕೆಲಸಕ್ಕೆ ಏಳಲಿಲ್ಲ. ಕೆಲಸ ಬಿಟ್ಟ ಮೇಲೆ ಬೆರಳಿನ ಕಪ್ಪು ತಾನಾಗಿಯೇ ಸುಲಿದುಹೋಯಿತು. ತೀರಿಕೊಂಡ ದಿನ ಅವು ಬೇರೆ ಯಾರದೋ ಬೆರಳಿನಂತೆ ಬೆಳ್ಳಗಿದ್ದವು. ನಾನು ಹುಡುಕಿದೆ, ಒಂದು ಚುಕ್ಕೆ ಕಪ್ಪೂ ಉಳಿದಿರಲಿಲ್ಲ. ಆ ಕೈಯನ್ನು ಹಿಡಿದುಕೊಂಡೇ ಅತ್ತೆಯ ಕಡೆ ತಿರುಗಿ, ನೆರೆದವರೆಲ್ಲರ ಮುಂದೆ ಹೇಳಿದೆ:

“ಅವತ್ತ ಒಳಗ ಕೆಮ್ಮಿದಂವ ಆಳಲ್ರಿ, ನಮ್ಮಣ್ಣ. ಅಣ್ಣಾ, ನಿನ್ನ ಬೆರಳಿಗಿ ನಾ ನಾಚಿದೆ. ತಪ್ಪಾತು ನಂದು.”