ಮೀನು ಆಗಿಬಾರದ ಮನೆ

ಎಷ್ಟು ಕೊಲೆ ಮಾಡಿದ್ದೇನೆ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಹನ್ನೊಂದಾದ ಮೇಲೆ ಎಣಿಸುವುದನ್ನು ಬಿಟ್ಟೆ. ಗಾಬರಿಯಾಗಬೇಡಿ, ಎಲ್ಲವೂ ಗಪ್ಪಿ ಮೀನುಗಳು. ಕಿರುಬೆರಳಿನ ಒಂದು ಗೆಣ್ಣಿನಷ್ಟಿರುವ, ಬಣ್ಣದ ಬಾಲದ ಪಾಪದ ಜೀವಗಳು. ಅವನ್ನು ನಾನು ಕೊಂದದ್ದು ಶುಚಿ ಮಾಡಿ ಮಾಡಿ.

ನಂಜನಗೂಡಿನಲ್ಲಿ ಸೋಮವಾರವೆಂದರೆ ನಂಜುಂಡೇಶ್ವರನ ವಾರ. ಹೊಸ್ತಿಲಿನಿಂದ ಹಿತ್ತಿಲವರೆಗೆ ತೊಳೆಯದಿದ್ದರೆ ನನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಕ್ಕಳ ಉಗುರು ನೋಡಿ ಬಂದವಳು ನಾನು. ನಿವೃತ್ತಿಯಾದ ಮೇಲೆ ಉಗುರು ತೋರಿಸುವವರಿಲ್ಲದೆ ಬೇಸರವಾಗಿ ಒಂದು ಗಾಜಿನ ತೊಟ್ಟಿ ತಂದಿಟ್ಟುಕೊಂಡೆ. ಈರುಳ್ಳಿಯನ್ನೂ ಅನುಮಾನದಿಂದಲೇ ಒಳಗೆ ಬಿಡುವ ನಮ್ಮ ಅತ್ತೆಯವರು, "ಮೀನು, ಅದೂ ನಡುಮನೇಲಿ!" ಎಂದರು. ದಶಾವತಾರದಲ್ಲಿ ಮೊದಲನೆಯದೇ ಮೀನಲ್ಲವೇ ಎಂದು ವಾದ ಗೆದ್ದೆ. ಗೆದ್ದವಳು ಸೋಮವಾರ ಮನೆಯ ಜೊತೆಗೆ ತೊಟ್ಟಿಯನ್ನೂ ಬರಿದು ಮಾಡಿ, ಒಳಗಿನ ಕಲ್ಲುಗಳನ್ನೆಲ್ಲ ಉಜ್ಜಿ, ಹೊಸ ನೀರು ತುಂಬಿದೆ. ಮಂಗಳವಾರ ಬೆಳಿಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬುಧವಾರ ಹೊಸ ಮೀನು ತಂದೆ. ಮುಂದಿನ ಸೋಮವಾರ ಮತ್ತೆ ಉಜ್ಜಿದೆ. ಮತ್ಸ್ಯಾವತಾರದ ಕಥೆಯ ರಾಜ, ಮೀನು ಬೆಳೆದಂತೆಲ್ಲ ಅದನ್ನು ಕಮಂಡಲುವಿನಿಂದ ಕೊಳಕ್ಕೆ, ಕೊಳದಿಂದ ಹೊಳೆಗೆ ಬಿಟ್ಟನೇ ಹೊರತು, ಒಂದು ಸಲವಾದರೂ ಕಮಂಡಲು ಉಜ್ಜಿದನೆಂದು ಯಾರೂ ಹೇಳಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ.

ಮೀನು ಮಾರುತ್ತಿದ್ದವನು ಮಾದೇವು. ಹತ್ತಿರದ ಹದಿನಾರು ಎಂಬ ಊರಿನವನು, ತಾಂಡ್ಯದ ಕಾರ್ಖಾನೆಯ ಪಾಳಿ ಕೆಲಸ ಬಿಟ್ಟು, ಬಣ್ಣದ ಮೀನಿನ ಹುಚ್ಚಿಗೆ ಬಿದ್ದು ಅಂಗಡಿ ತೆರೆದವನು. ದೀಪಾವಳಿಯೊಳಗೆ ವ್ಯಾಪಾರ ಕುದುರದಿದ್ದರೆ ಮತ್ತೆ ಪಾಳಿಗೇ ಹೋಗುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಮೀನು ಕೊಳ್ಳುವವರೇನೋ ಇದ್ದರು. ಆದರೆ ಎಲ್ಲರೂ ನನ್ನಂತೆಯೇ ಸೋಮವಾರದವರು. ಎರಡು ಸಲ ಮೀನು ಸತ್ತರೆ "ನಮ್ಮನೆಗೆ ಮೀನು ಆಗಿಬರಲ್ಲ ಕಣಪ್ಪ" ಎಂದು ತೊಟ್ಟಿಯನ್ನು ಅಟ್ಟಕ್ಕೆ ಹಾಕಿ, ಆ ಅಂಗಡಿಯ ಕಡೆ ತಲೆ ಹಾಕುವುದನ್ನೇ ಬಿಡುತ್ತಿದ್ದರು.

ನಾಲ್ಕನೇ ಬುಧವಾರ ಮಾದೇವು ನನಗೆ ಮೀನು ಕೊಡಲಿಲ್ಲ.

"ಕೊಡಾಕಿಲ್ಲ ಮೇಡಮ್ಮೋರೆ. ನಿಮ್ಮನೆಗೆ ಕಳ್ಸಾದೂ ಒಂದೇ, ಮೋರಿಗೆ ಸುರಿಯಾದೂ ಒಂದೇ."

ನನಗೆ ಕೋಪ ನೆತ್ತಿಗೇರಿತು. "ನಿನ್ನ ಮೀನೇ ಸರಿಯಿಲ್ಲ ಕಣೋ" ಎಂದೆ. ಅವನು ಅಂಗಡಿಗೆ ಬಾಗಿಲು ಹಾಕಿ ನನ್ನ ಹಿಂದೆಯೇ ಮನೆಗೆ ಬಂದು, ತೊಟ್ಟಿ ನೋಡಿ ಹಣೆ ಚಚ್ಚಿಕೊಂಡ.

"ಅಯ್ಯೋ ನಮ್ಮವ್ವಾ, ಆಸ್ಪತ್ರೆ ಮಾಡಿಟ್ಟಿದ್ದೀರಲ್ಲ! ಅಳೇ ನೀರು ಅರ್ಧ ಉಳೀಬೇಕು. ಕಲ್ಮೇಲಿನ ಲೋಳೇಲೇ ಅವುಗಳ ಜೀವ ಇರಾದು. ಮೊಸರಿಗೆ ಎಪ್ಪು ಆಕಲ್ವಾ, ಅಂಗೇಯ. ನರಸೀಪುರದಲ್ಲಿ ಲೈನ್‌ಮ್ಯಾನ್ ಪುಟ್ಟಸ್ವಾಮಿ ಅಂತ ಅವ್ನೆ, ಸೋಂಬೇರಿ, ತೊಟ್ಟಿ ಉಜ್ಜಿದೋನೇ ಅಲ್ಲ. ಅವನತ್ರ ಒಂದಿಡಿ ಕಲ್ಲು ಇಸ್ಕೊಂಡು ಬನ್ನಿ."

ಒಂದು ಹಿಡಿ ಕಲ್ಲು ಕೇಳಿ ತರಲು ಸ್ಟೀಲ್ ಡಬ್ಬಿ ಹಿಡಿದು ನರಸೀಪುರದ ಬಸ್ಸು ಹತ್ತಿದವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಪುಟ್ಟಸ್ವಾಮಿಯ ತೊಟ್ಟಿಯ ಗಾಜಿನ ತುಂಬ ಪಾಚಿ. ಒಳಗೆ ಮೀನುಗಳ ಮಕ್ಕಳು, ಮೊಮ್ಮಕ್ಕಳು. ಅವನು ಲೋಳೆ ಹಿಡಿದ ಕಲ್ಲನ್ನು ನೀರಿನ ಸಮೇತ ಡಬ್ಬಿಗೆ ಹಾಕಿ, ಕೇಳದೆಯೇ ಎಂಟು ಮರಿಗಳನ್ನೂ ಕವರಿನಲ್ಲಿ ಕಟ್ಟಿಕೊಟ್ಟ. "ದುಡ್ಡಾ? ಬುಡಿ ಮೇಡಂ. ನಿಮ್ಮವು ಮರಿ ಆಕಿದ್ಮೇಲೆ ಇನ್ಯಾರ್ಗಾದ್ರೂ ಕೊಡಿ" ಎಂದ.

ಮುಂದಿನ ಸೋಮವಾರ ತೊಟ್ಟಿಯ ಮುಂದೆ ಕೈ ಕಟ್ಟಿಕೊಂಡು ಸುಮ್ಮನೆ ನಿಂತದ್ದು ನನ್ನ ಜೀವನದ ದೊಡ್ಡ ತಪಸ್ಸು. ಮಂಗಳವಾರ ಎಂಟೂ ಈಜುತ್ತಿದ್ದವು! ಮೂರು ತಿಂಗಳಲ್ಲಿ ಅವು ಮರಿಯನ್ನೂ ಹಾಕಿದವು. ತೊಟ್ಟಿಯನ್ನು ಅಟ್ಟಕ್ಕೇರಿಸಿದ್ದವರ ಮನೆಗಳನ್ನು ಹುಡುಕಿಕೊಂಡು ಹೋಗಿ ಕಲ್ಲು ಕೊಟ್ಟೆ, ಮರಿ ಕೊಟ್ಟೆ, ಜೊತೆಗೆ ಉಪದೇಶವನ್ನೂ ಕೊಟ್ಟೆ. ಮೇಷ್ಟರ ಚಟ ಸುಲಭಕ್ಕೆ ಬಿಡುತ್ತದೆಯೇ? ಭಾನುವಾರ ಬಂತೆಂದರೆ ನಾವೆಲ್ಲ ಮಾದೇವುವಿನ ಅಂಗಡಿಯಲ್ಲಿ ಸೇರತೊಡಗಿದೆವು. ನರಸೀಪುರದಿಂದ ಪುಟ್ಟಸ್ವಾಮಿಯೂ ಬರುತ್ತಿದ್ದ.

ಆಮೇಲೆ ನನಗೊಂದು ಸಂಕಟ ಹತ್ತಿಕೊಂಡಿತು. ನಾವು ಪುಕ್ಕಟೆ ಹಂಚುತ್ತಾ ಹೋದರೆ ಇವನ ಮೀನು ಯಾರು ಕೊಳ್ಳುತ್ತಾರೆ? ಉಪಕಾರ ಮಾಡುವ ಉತ್ಸಾಹದಲ್ಲಿ ಅವನ ಹೊಟ್ಟೆಯ ಮೇಲೆ ಹೊಡೆದೆನಲ್ಲ ಎಂದು ತುಂಬಾ ಬೇಜಾರಾಯಿತು. ತಡೆಯಲಾರದೆ ಅವನನ್ನೇ ಕೇಳಿದೆ.

"ಸತ್ತ ಮೀನು ಒಂದ್ಸಲ ಗಿರಾಕೀನ ಕರ್ಕಂಡು ಬತ್ತದೆ ಮೇಡಮ್ಮೋರೆ," ಎಂದ. "ಬದುಕಿರಾದು ತಿಂಗ್ಳು ತಿಂಗ್ಳೂ ಕರ್ಕಂಡು ಬತ್ತದೆ. ಅದಕ್ಕೆ ತಿನ್ನಾಕೆ ಬೇಡ್ವಾ? ಸಂಸಾರ ಬೆಳೆದ್ರೆ ದೊಡ್ಡ ತೊಟ್ಟಿ ಬೇಡ್ವಾ?"

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ದೀಪಾವಳಿಯೂ ಹತ್ತಿರ ಬರುತ್ತಿತ್ತು.

ಹಬ್ಬದ ಹಿಂದಿನ ಭಾನುವಾರ ಕಾರ್ಖಾನೆಯ ಸೂಪರ್‌ವೈಸರ್ ಫೋನ್ ಮಾಡಿದರು. ಮಾದೇವು ಮೀನಿನ ಆಹಾರ ತುಂಬಿಟ್ಟ ಕವರುಗಳಿಗೆ ಎರಡೂ ಕೈಯಲ್ಲಿ ಗಂಟು ಹಾಕುತ್ತಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದ; ಜಾಗ ಖಾಲಿಯಿದೆ, ನಾಳೆಯಿಂದ ಬಾ ಎಂದದ್ದು ಎಲ್ಲರಿಗೂ ಕೇಳಿಸಿತು. ಯಾರದೋ ಮೀನಿನ ಮೈಮೇಲಿನ ಬಿಳಿ ಚುಕ್ಕಿಯ ಬಗ್ಗೆ ಕಿತ್ತಾಡುತ್ತಿದ್ದ ನಾವು ಏಳೆಂಟು ಮಂದಿ ಜಗಳ ಬಿಟ್ಟು ಅವನ ಕಡೆ ತಿರುಗಿದೆವು. ಮಾದೇವು ತಲೆಯೆತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿ, "ಆಗಾಕಿಲ್ಲ ಸಾ. ಅಂಗಡಿ ತುಂಬ ಗಿರಾಕಿ ಅವ್ರೆ" ಎಂದು ಫೋನಿಟ್ಟ.

ಸತ್ಯ ಹೇಳಬೇಕೆಂದರೆ, ಅಲ್ಲಿದ್ದವರಲ್ಲಿ ಒಬ್ಬರೂ ಆ ದಿನ ಏನೂ ಕೊಂಡಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯಲ್ಲಿ ಮೂರು ಪೊಟ್ಟಣ ಮೀನಿನ ಆಹಾರ ಬಿದ್ದಿದ್ದರೂ ನಾನು ನಾಲ್ಕನೆಯದಕ್ಕೆ ಕೈ ಚಾಚಿ, ಚೀಲದಲ್ಲಿ ಚಿಲ್ಲರೆ ಹುಡುಕುತ್ತಾ ಹಿಂದಿರುಗಿ ನೋಡಿದೆ. ನನ್ನ ಹಿಂದೆ ಆಗಲೇ ಸಾಲು ನಿಂತಿತ್ತು.