ಮಾವನವರ ಮೂಗು

ಮಗಳು ಹುಟ್ಟಿದಾಗ ಅವಳ ಮೂಗು ಒಂಚೂರು ಎಡಕ್ಕೆ ವಾಲಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಊರು ಬಿಟ್ಟು ಬಂದು ನೆಲೆಸಿದ್ದ ಹಡಪಸರದಲ್ಲಿ ನಮ್ಮದು ಎರಡು ಕೋಣೆಯ ಮನೆ. ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನಕ್ಕೆ ಅತ್ತೆಯೇ ಊರಿನಿಂದ ಬಂದರು. ದೇವರು ಕೊಟ್ಟ ಪುಣ್ಯ ಅದು. ಆದರೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆಯುವಾಗ ಅವರು ಎಣ್ಣೆಗೈಯ ಎರಡು ಬೆರಳಿನಲ್ಲಿ ಆ ಎಳೆಯ ಮೂಗನ್ನು ಹಿಡಿದು ಬಲಕ್ಕೆ ಒತ್ತುತ್ತಿದ್ದರು. ಕೂಸು ಕಿರುಚುತ್ತಿತ್ತು.

“ಬ್ಯಾಡ್ರಿ ಅತ್ತಿ, ಭಾಳ ಅಳಲಿಕ್ಕತ್ತದ.”

“ಅಳ್ಲಿ ಬಿಡ. ಈಗ ತಿದ್ದಲಿಲ್ಲಂದ್ರ ನಾಳೆ ನತ್ತು ಹೆಂಗ ಒಪ್ಪತದ?”

ಚುಚ್ಚುಮದ್ದು ಹಾಕಿಸಲು ಹೋದಾಗ ಡಾಕ್ಟರಬಾಯಿಯನ್ನು ಕೇಳಿದೆ. ಹೊಟ್ಟೆಯಲ್ಲಿದ್ದಾಗ ಮೂಗು ಒತ್ತಿಕೊಂಡು ಹೀಗಾಗಿದೆ, ತಾನಾಗಿಯೇ ನೆಟ್ಟಗಾಗುತ್ತದೆ, ಒತ್ತಬೇಡಿ, ಒಳಗೆ ಎಣ್ಣೆಯನ್ನೂ ಬಿಡಬೇಡಿ ಎಂದರು. ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದರು. ಉಸಿರಿನ ಎರಡು ಮಸುಕು ಚುಕ್ಕೆ ಮೂಡಿದವು. ಎರಡೂ ಹೊಳ್ಳೆ ಸರಿಯಾಗಿವೆ ಎಂದು ತಿಳಿದು ಅಲ್ಲೇ ಕೈಮುಗಿದೆ.

ಮನೆಗೆ ಬಂದು ಹೇಳಿದರೆ ಅತ್ತೆ, “ನಾ ಐದು ಕೂಸು ಎರದು ದೊಡ್ಡವು ಮಾಡೀನಿ. ಆ ಬಾಯಿ ಎಷ್ಟ ಎರದಾಳ, ಕೇಳಿದೇನು?” ಎಂದರು. ಮನೆಮಠ ಬಿಟ್ಟು ನನಗಾಗಿ ಬಂದವರಿಗೆ ಎದುರಾಡುವುದು ಹೇಗೆ? ಎರೆಯುವ ಹೊತ್ತಿಗೆಲ್ಲ ಗಣಪ್ಪನನ್ನು ನೆನೆಯುತ್ತ ನಿಲ್ಲುತ್ತಿದ್ದೆ.

ಒಂದು ಬೆಳಿಗ್ಗೆ ಕೂಸಿಗೆ ಲೋಬಾನದ ಹೊಗೆ ಹಾಕಿ ತೊಡೆಯ ಮೇಲೆ ಮಲಗಿಸಿಕೊಂಡ ಅತ್ತೆ ಮತ್ತೆ ಮೂಗಿಗೆ ಕೈಹಾಕಿದರು. ಎದುರಿನ ಗೋಡೆಯ ಮೇಲೆ ತೀರಿಹೋದ ಮಾವನವರ ಫೋಟೋ. ಅತ್ತೆಯ ಕೈ ಹಾಗೇ ನಿಂತಿತು. ಫೋಟೋ ನೋಡಿದರು, ಕೂಸನ್ನು ನೋಡಿದರು.

“ಅಯ್ಯ ನಮ್ಮವ್ವಾ! ಇದು ಅವರದ ಮೂಗು!”

ಗಡ್ಡಕ್ಕೆ ಸೋಪು ಬಳಿದುಕೊಂಡಿದ್ದ ನಮ್ಮ ಮನೆಯವರು ತಿರುಗಿದರು. “ಅಲ್ಲವ್ವಾ, ಅಪ್ಪ ಸಣ್ಣಾಂವ ಇದ್ದಾಗ ಬಂಡಿ ಮ್ಯಾಲಿಂದ ಬಿದ್ದು ಮೂಗು ಸೊಟ್ಟ...”

ನಾನು ಚಹಾದ ಕಪ್ಪು ಅವರ ಕೈಗಿಟ್ಟು ಸುಮ್ಮನಿರಿ ಎಂದು ಕಣ್ಣಲ್ಲೇ ಗದರಿದೆ.

“ಏನಂದಿ?” ಎಂದರು ಅತ್ತೆ.

“ಅಪ್ಪಂದ ಮೂಗು ಅಂದೆ ಅವ್ವಾ,” ಎಂದು ಸೋಪಿನ ಸಮೇತ ಚಹಾ ಕುಡಿದರು.

ಅಂದಿನಿಂದ ಯಾರೂ ಮೂಗು ಮುಟ್ಟುವಂತಿರಲಿಲ್ಲ. ನೆರೆಯವರು ಏನಾದರೂ ಅಂದರೆ, “ಗಣಪ್ಪನ ಸೊಂಡಿನೂ ಎಡಕ್ಕೇ ತಿರಗೇದ. ಅವಂಗೇನು ಕಡಿಮಿ ಆಗೇದ?” ಎನ್ನುತ್ತಿದ್ದರು. ಕೂಸು ಎರೆಸಿಕೊಳ್ಳುತ್ತ ನಗತೊಡಗಿತು.

ಬಾಣಂತನ ಮುಗಿಸಿ ಊರಿಗೆ ಹೋದ ಅತ್ತೆ ಮೊದಲ ಹುಟ್ಟುಹಬ್ಬಕ್ಕೆ ಬಂದರು. ಅಷ್ಟರಲ್ಲಿ ಮೂಗು ನೆಟ್ಟಗಾಗಿತ್ತು. ಮೊಮ್ಮಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಾಗ ಅವರ ಮುಖ ಸಣ್ಣದಾಯಿತು.

“ಅವರ ಮೂಗು ಎಲ್ಲಿ ಹೋತು?”

“ದೇವರ ತಿದ್ದ್ಯಾನ್ರಿ ಅತ್ತಿ.”

“ತಿದ್ದಂತ ಅವಂಗ್ಯಾರ ಹೇಳಿದ್ರು?”

ಹೀಗೆಂದು ಎರಡು ಬೆರಳನ್ನು ಮೊಮ್ಮಗಳ ಮೂಗಿನತ್ತ ತಂದರು. ನಾನು ಮಗಳನ್ನು ಎತ್ತಿಕೊಳ್ಳಲು ಮುಂದಾದೆ. ಅಷ್ಟರಲ್ಲಿ ಮಗಳೇ ಕೈಚಾಚಿ ಅಜ್ಜಿಯ ಮೂಗನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.