ಪುಟ್ಟಲಕ್ಷ್ಮಿಯ ಕೊಸರು

ಯಲಹಂಕದ ನಮ್ಮ ಬೀದಿಯಲ್ಲಿ ತರಕಾರಿ ಗಾಡಿ ತಳ್ಳುತ್ತಿದ್ದ ಪುಟ್ಟಲಕ್ಷ್ಮಿಯ ಹತ್ತಿರ ಚೌಕಾಸಿ ನಡೆಯುತ್ತಿರಲಿಲ್ಲ. ಒಂದು ರೂಪಾಯಿ ಬಿಡದ ಗಟ್ಟಿ ಹೆಂಗಸು. ಆದರೆ ತೂಕ ಮುಗಿದ ಮೇಲೆ ಒಂದು ಕಟ್ಟು ಕರಿಬೇವು ಪುಕ್ಕಟೆಯಾಗಿ ಚೀಲಕ್ಕೆ ಬೀಳಲೇಬೇಕು. ಅದು ಕೊಸರು. ಬೇಡ ಅಂದರೆ ಮುಖ ಸಿಂಡರಿಸುತ್ತಿದ್ದಳು. "ಕೊಸರು ಆಕ್ದೆ ಯಾಪಾರ ಮುಗಿಯಲ್ಲ ಕಣಮ್ಮ, ತಗಳಿ" ಎನ್ನುತ್ತಿದ್ದಳು. ಕರಿಬೇವು ಪಕ್ಕದ ಕೋಗಿಲು ಊರಿನ ಅವಳ ಮನೆ ಹಿತ್ತಿಲಿನ ಮರದ್ದು. ಬಾಳೆ ನಾರಿನಲ್ಲಿ ಕಟ್ಟಿ ತರುತ್ತಿದ್ದಳು.

ಆಮೇಲೆ ಮುಖ್ಯರಸ್ತೆಯಲ್ಲಿ, ಹತ್ತು ನಿಮಿಷದಲ್ಲಿ ತರಕಾರಿ, ದಿನಸಿ ಮನೆಗೆ ತಲುಪಿಸುವವರ ಗೋದಾಮು ಬಂತು. 'ನಿಮಗೆ ಬೇಕಾದದ್ದು, ಬೇಕಾದಾಗ' ಎಂದು ಬಾಗಿಲ ಮೇಲೆ ಬರೆಸಿದ್ದರು. ಸುಳ್ಳಲ್ಲ. ಒಲೆ ಮೇಲೆ ಬೇಳೆ ಇಟ್ಟು ಆಮೇಲೆ ಟೊಮೆಟೊ ತರಿಸುವ ಆಸೆ ನಮಗೆ ಇದ್ದೇ ಇತ್ತು. ಇಡೀ ಬೀದಿ ಫೋನಿಗೆ ಅಂಟಿಕೊಂಡಿತು, ಗಾಡಿಯ ಮೇಲೆ ಸೊಪ್ಪು ಬಾಡಿತು. ಪುಟ್ಟಲಕ್ಷ್ಮಿ ಗಾಡಿ ಮಾರಿ ಅದೇ ಗೋದಾಮಿನಲ್ಲಿ ಚೀಲ ತುಂಬುವ ಕೆಲಸಕ್ಕೆ ಸೇರಿದಳು. ಗಂಡನಿಲ್ಲದ ಅವಳ ಮನೆಗೆ ಆ ಕೆಲಸವೇ ಆಧಾರ.

ಆದರೆ ಕೈ ಕೇಳಬೇಕಲ್ಲ! ತರಕಾರಿ ಚೀಲ ಕಂಡರೆ ಮನೆಯಿಂದ ತಂದ ಕರಿಬೇವಿನ ಒಂದು ಕಟ್ಟು ಅದರೊಳಗೆ ಹಾಕಿಬಿಡುವಳು. ಮೇಲ್ವಿಚಾರಕ ನಿರಂಜನ ಮೊದಲ ದಿನವೇ ನೋಡಿದ.

"ಅಮ್ಮಾ, ಬಿಲ್ಲಲ್ಲಿ ಇಲ್ದಿರೋದು ಹಾಕಂಗಿಲ್ಲ. ಸಿಸ್ಟಮ್ ಒಪ್ಪಲ್ಲ."

"ನಮ್ಮನೆ ಸೊಪ್ಪು ಕಣಪ್ಪ. ಅದ್ಯಾರು ಸಿಸ್ಟಮ್ಮು? ಕರಿ ಇಲ್ಲಿ, ಅವನ್ಗೆ ನಾನು ಏಳ್ತೀನಿ."

ನಿರಂಜನನಿಗೆ ನಗು ಬಂತು. ಒಳ್ಳೆಯವನು. "ನಾನು ನೋಡಿಲ್ಲ, ಹೋಗಿ" ಎಂದು ಸುಮ್ಮನಾದ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಅತೀಯಾ, ಬೀದಿಯವರೆಲ್ಲ ಆಪಾ ಎಂದೇ ಕರೆಯುವವರು, ಆಗಷ್ಟೇ ಬಂದ ಚೀಲ ಹಿಡಿದು ನಮ್ಮ ಗೇಟಿಗೆ ಓಡಿಬಂದರು. "ನೋಡ್ರೀ, ಬಾಳೆ ನಾರು! ನಮ್ಮ ಲಕ್ಷ್ಮಮ್ಮಂದೇ ಕಣ್ರೀ!" ಅವರ ಖುಷಿ ಹೇಳತೀರದು. ಅಲ್ಲೇ ನಿಂತು ಫೋನಿನಲ್ಲಿ ಐದು ಸ್ಟಾರ್ ಒತ್ತಿ ಬರೆದರು: 'ಕೇಳದಿದ್ದರೂ ಕರಿಬೇವು ಹಾಕಿದ್ದಾರೆ. ಹೀಗೆ ಕೊಡುವವರು ಈಗ ಎಲ್ಲಿದ್ದಾರೆ? ಶುಕ್ರಿಯಾ.'

ಮರುದಿನ ಪುಟ್ಟಲಕ್ಷ್ಮಿಯ ಕಾರ್ಡಿಗೆ ಗೋದಾಮಿನ ಬಾಗಿಲು ತೆರೆಯಲಿಲ್ಲ.

ಸುದ್ದಿ ತಿಳಿದು ನಾನೂ ಆಪಾನೂ ಹೋದೆವು. ಪುಟ್ಟಲಕ್ಷ್ಮಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಆವತ್ತಿನ ಕರಿಬೇವು. ಬಾಗಿಲಿಗೆ ಬಂದ ನಿರಂಜನ ತಲೆ ಕೆರೆದುಕೊಂಡ.

"ನೀವು 'ಕೇಳದಿದ್ದರೂ ಹಾಕಿದ್ದಾರೆ' ಅಂತ ಬರ್ದಿದ್ದೀರಲ್ಲ ಮೇಡಂ, ಸಿಸ್ಟಮ್ ಅದನ್ನ ದೂರು ಅಂತ ತಗೊಂಡಿದೆ. ಇವರ ಐಡಿ ತಾನಾಗೇ ಬ್ಲಾಕ್ ಆಗಿದೆ."

"ಅಯ್ಯೋ, ನಾನು ಹೊಗಳಿದ್ದು ಕಣಪ್ಪ! ನಿನಗೆ ಇವರು ಬೇಡ್ವಾ?"

"ಬೇಕು ಮೇಡಂ. ಇಂಥ ಕೆಲಸದೋರು ಎಲ್ಲಿ ಸಿಗ್ತಾರೆ?"

"ಮತ್ತೆ ತೆಗೆದಿದ್ದು ಯಾರು?"

"ಯಾರೂ ತೆಗ್ದಿಲ್ಲ. ಹೆಡ್ಡಾಫೀಸಿಗೂ ಫೋನ್ ಮಾಡ್ದೆ. ಅಲ್ಲಿ ಮಾತಾಡೋದೂ ರೆಕಾರ್ಡಿಂಗೇ."

ನನಗೆ ಮೈಯೆಲ್ಲ ಉರಿದುಹೋಯಿತು. ಕೊಡುವವಳಿಗೆ ಕೊಡುವ ಆಸೆ, ತೆಗೆದುಕೊಳ್ಳುವವರಿಗೆ ತೆಗೆದುಕೊಳ್ಳುವ ಆಸೆ, ನಡುವೆ ನಿಂತವನದೂ ಅಡ್ಡಿಯಿಲ್ಲ. ಹತ್ತು ನಿಮಿಷದಲ್ಲಿ ಬೇಕೆಂದು ಕೇಳಿದ್ದು ನಾವೇ, ಒಪ್ಪುತ್ತೇನೆ. ಕೊಸರು ಬೇಡವೆಂದು ಯಾರು ಕೇಳಿದ್ದರು? ಬೈಯೋಣವೆಂದರೆ ಬೈಸಿಕೊಳ್ಳಲು ಒಂದು ಮುಖವಾದರೂ ಬೇಡವೇ?

ಅಷ್ಟರಲ್ಲಿ ಆಪಾ ಅವರ ಫೋನು ಸದ್ದು ಮಾಡಿತು. ಅವರ ಹೊಗಳಿಕೆಗೆ ಉತ್ತರ ಬಂದಿತ್ತು. ಓದಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಉಳಿದದ್ದನ್ನು ನಾನೇ ಓದಿದೆ. 'ತೊಂದರೆಗೆ ವಿಷಾದಿಸುತ್ತೇವೆ. ಇನ್ನು ಮುಂದೆ ನೀವು ಕೇಳದ ಯಾವುದೂ ನಿಮ್ಮ ಮನೆಗೆ ಬರದಂತೆ ನೋಡಿಕೊಂಡಿದ್ದೇವೆ.'

ಪುಟ್ಟಲಕ್ಷ್ಮಿ ಎದ್ದು ಬಂದು ಮಡಿಲಿನಿಂದ ಒಂದು ಕಟ್ಟು ತೆಗೆದು ಆಪಾ ಅವರ ಕೈಗಿಟ್ಟಳು.

"ತಗಳಿ ಅತೀಯಮ್ಮ, ಬಾಡೋಯ್ತದೆ. ಚೆನ್ನಾಗೈತೆ ಅಂತ ಮಾತ್ರ ಎಲ್ಲೂ ಬರೀಬ್ಯಾಡಿ."